ಕಟ್ಟಡ ನಿರ್ಮಾಣದಲ್ಲಿ ಗುಣನಿಯಂತ್ರಣ

ಪೀಠಿಕೆ

‘ಗುಣ’ ಎಂಬ ಶಬ್ದಕ್ಕೆ ಸಂಸ್ಕೃತ ನಿಘಂಟುಗಳು ಹಲವು ಅರ್ಥಗಳನ್ನು ಹೇಳುತ್ತವೆ. ಸ್ವಭಾವ, ಸದ್ಗುಣ, ಶ್ರೇಷ್ಠತೆ ಎಂಬ ಅರ್ಥಗಳು ಎಲ್ಲರಿಗೂ ಪರಿಚಿತವಾದವು. ದಾರ, ಹುರಿ, ಬಿಲ್ಲಿನ ಹೆದೆ ಎಂಬ ಅರ್ಥಗಳೂ ಅದಕ್ಕುಂಟೆಂಬುದನ್ನು ಕಾವ್ಯಾಭ್ಯಾಸ ಮಾಡಿದ ವಿದ್ಯಾರ್ಥಿಗಳು ಬಲ್ಲರು. ಕವಿಗಳು ಈ ಶ್ಲೇಷವನ್ನು ಬೇಕಾದಷ್ಟು ಬಳಸಿಕೊಂಡಿದ್ದಾರೆ. ‘ನಿಯಂತ್ರಣ’ವೆಂದರೆ ಹಿಡಿತದಲ್ಲಿಡುವಿಕೆ, ಕಟ್ಟುಪಾಡಿಗೆ ಒಳಪಡಿಸುವಿಕೆ. ಈ ಎರಡು ಪದಗಳು ಕೂಡಿ ಆದ ‘ಗುಣನಿಯಂತ್ರಣ’ ಎಂಬ ಸಮಾಸವು ಇಂದು ಎಂಜಿನಿಯರಿಂಗ್ ಶಾಸ್ತ್ರದ ಪಾರಿಭಾಷಿಕ ಪದವಾಗಿ ನೆಲೆಗೊಂಡಿದೆ.

ಮಣಿಗಳು ಎಷ್ಟೇ ಬೆಲೆಯುಳ್ಳವಾಗಿರಲಿ, ಅವುಗಳನ್ನು ಹಾರವಾಗಿಸುವುದು ಒಳಗೆ ಮರೆಯಾಗಿರುವ ದಾರ. ಕಟ್ಟಡದ ಮಾತೂ ಹೀಗೆಯೇ. ಕಲ್ಲು, ಇಟ್ಟಿಗೆ, ಸಿಮೆಂಟು, ಉಕ್ಕು ಇವು ಕಣ್ಣಿಗೆ ಕಾಣುವ ಮಣಿಗಳು. ಇವುಗಳನ್ನು ಒಂದಾಗಿ ಹಿಡಿದು ನಿಲ್ಲಿಸುವ ಗುಣವು ಕಾಣದ ದಾರ. ದಾರವು ಎಲ್ಲಿ ಶಿಥಿಲವಾಗಿದೆಯೋ ಹಾರವು ಅಲ್ಲಿಯೇ ಹರಿಯುತ್ತದೆ. ಉಳಿದ ಭಾಗವು ಗಟ್ಟಿಯಾಗಿದ್ದರೂ ಪ್ರಯೋಜನವಿಲ್ಲ.

ಈ ವಿಷಯವು ಎಂಜಿನಿಯರರಿಗೆ ಮಾತ್ರ ಸಂಬಂಧಿಸಿದುದೆಂದು ಭಾವಿಸಲಾಗದು. ಇಂದು ಹೈಸ್ಕೂಲಿನಲ್ಲಿ ಓದುತ್ತಿರುವ ಬಾಲಕ ಬಾಲಕಿಯರಲ್ಲಿ ಕೆಲವರು ಮುಂದೆ ಪಾಲಿಟೆಕ್ನಿಕ್ಕಿಗೋ ಎಂಜಿನಿಯರಿಂಗ್ ಕಾಲೇಜಿಗೋ ಹೋಗುವವರು; ಉಳಿದವರಲ್ಲಿ ಬಹುಮಂದಿ ಜೀವನದಲ್ಲಿ ಒಮ್ಮೆಯಾದರೂ ಸ್ವಂತ ಮನೆಯನ್ನು ಕಟ್ಟಿಸುವವರು. ‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂಬ ಗಾದೆಯು ಆ ಕಾರ್ಯದ ಕಷ್ಟವನ್ನೇ ಸಾರುತ್ತದೆ. ಮನೆ ಕಟ್ಟಿಸುವವನು ಖರ್ಚಿನ ಲೆಕ್ಕವನ್ನು ನೋಡುವಂತೆ ಕೆಲಸದ ಗುಣವನ್ನೂ ನೋಡಲು ಕಲಿಯಬೇಕೆಂಬುದೇ ಈ ಪಾಠದ ಉದ್ದೇಶ.

1. ಪ್ರಾಚೀನರ ದೃಷ್ಟಿ

ಕಟ್ಟುವ ಕೆಲಸದಲ್ಲಿ ಎಚ್ಚರವಿರಬೇಕೆಂಬ ಅರಿವು ಹೊಸದಲ್ಲ. ಸುಮಾರು 3,750 ವರ್ಷಗಳ ಹಿಂದೆ ಬ್ಯಾಬಿಲೋನಿಯಾದಲ್ಲಿ ಆಳಿದ ಹಮ್ಮುರಾಬಿ ದೊರೆಯ ಶಾಸನದಲ್ಲಿ ಮನೆ ಕಟ್ಟುವವನಿಗೆ ಸಂಬಂಧಿಸಿದ ವಿಧಿಗಳಿವೆ. ದುರ್ಬಲವಾಗಿ ಕಟ್ಟಿದ ಮನೆ ಕುಸಿದು ಒಡೆಯನು ಸತ್ತರೆ ಕಟ್ಟಿದವನಿಗೆ ಮರಣದಂಡನೆ. ಗೋಡೆಯು ವಾಲಿದರೆ ತನ್ನ ಖರ್ಚಿನಿಂದಲೇ ಅದನ್ನು ಗಟ್ಟಿಗೊಳಿಸಿಕೊಡಬೇಕು. ದಂಡನೆಯೇನೋ ಕಠೋರವಾದುದು. ಆದರೆ ಅದು ಬಿದ್ದ ಮನೆಯನ್ನು ಎತ್ತಿ ನಿಲ್ಲಿಸದು. ಹೋದ ಪ್ರಾಣವನ್ನು ಮರಳಿ ತರದು.

ಕೇಡು ಆದ ಮೇಲೆ ಶಿಕ್ಷಿಸುವುದಕ್ಕಿಂತ ಕೆಲಸಕ್ಕೆ ಮುನ್ನ ಪರೀಕ್ಷಿಸುವುದು ಮೇಲೆಂಬ ವಿವೇಕವೂ ಪ್ರಾಚೀನವೇ. ಕ್ರಿಸ್ತಪೂರ್ವ ಮೊದಲನೆಯ ಶತಮಾನದ ರೋಮನ್ ವಾಸ್ತುಶಿಲ್ಪಿ ವಿಟ್ರೂವಿಯಸನು ಮರಳಿನ ಪರೀಕ್ಷೆಯನ್ನು ವಿವರಿಸಿದ್ದಾನೆ. ಅಂಗೈಯಲ್ಲಿ ಉಜ್ಜಿದಾಗ ಮರಳು ಕರಕರ ಸದ್ದು ಮಾಡಬೇಕು. ಬಿಳಿಯ ಬಟ್ಟೆಯ ಮೇಲೆ ಹಾಕಿ ಕೊಡವಿದಾಗ ಕೊಳೆಯು ಉಳಿಯಬಾರದು. ನಮ್ಮ ದೇಶದಲ್ಲಿ ಆರನೆಯ ಶತಮಾನದ ವರಾಹಮಿಹಿರನು ತನ್ನ ಬೃಹತ್ಸಂಹಿತೆಯ ವಾಸ್ತುವಿದ್ಯಾ ಪ್ರಕರಣದಲ್ಲಿ ನೆಲದ ಪರೀಕ್ಷೆಯನ್ನು ಹೇಳಿದ್ದಾನೆ. ಒಂದು ಹಸ್ತದಷ್ಟು ಗುಂಡಿಯನ್ನು ತೋಡಿ, ತೆಗೆದ ಮಣ್ಣಿನಿಂದಲೇ ಮತ್ತೆ ತುಂಬಬೇಕು. ಮಣ್ಣು ಮಿಕ್ಕರೆ ಭೂಮಿ ಉತ್ತಮ, ಸರಿಹೋದರೆ ಮಧ್ಯಮ, ಸಾಲದಾದರೆ ಅಧಮ. ಹಾಗೆಯೇ ಗುಂಡಿಗೆ ನೀರು ತುಂಬಿ, ನೂರು ಹೆಜ್ಜೆ ನಡೆದು ಹಿಂದಿರುಗಿದಾಗ ನೀರು ಕುಗ್ಗದಿದ್ದರೆ ಆ ನೆಲವು ಪ್ರಶಸ್ತವಾದುದು.

ಇಂದಿನ ಎಂಜಿನಿಯರರೂ ದಮ್ಮಸ್ಸು ಮಾಡಿದ ನೆಲದಲ್ಲಿ ಗುಂಡಿಯನ್ನೇ ತೋಡುತ್ತಾರೆ. ತೆಗೆದ ಮಣ್ಣನ್ನು ತೂಗಿ, ಸಾಂದ್ರತೆ ಗೊತ್ತಿರುವ ಒಣ ಮರಳನ್ನು ಆ ಗುಂಡಿಗೆ ಸುರಿದು ಗುಂಡಿಯ ಗಾತ್ರವನ್ನು ಕಂಡುಹಿಡಿದು, ಅದರಿಂದ ಮಣ್ಣಿನ ಸಾಂದ್ರತೆಯನ್ನು ಲೆಕ್ಕ ಹಾಕುತ್ತಾರೆ. ಉಪಕರಣವು ಸೂಕ್ಷ್ಮವಾಗಿದೆ; ನೆಲವು ಸಡಿಲವೋ ಬಿಗಿಯೋ ಎಂಬ ಪ್ರಶ್ನೆಯು ಅಂದಿನದೇ.

ಕನ್ನಡ ನಾಡಿನಲ್ಲಿಯೂ ಸಿಮೆಂಟು ರೂಢಿಗೆ ಬರುವುದಕ್ಕೆ ಮೊದಲೇ ಮಹಾನಿರ್ಮಾಣಗಳು ನಡೆದಿವೆ. 1907ರಲ್ಲಿ ಪೂರ್ಣಗೊಂಡ ಮಾರಿಕಣಿವೆಯ ವಾಣೀವಿಲಾಸ ಸಾಗರವಾಗಲಿ, ಸರ್ ಎಂ. ವಿಶ್ವೇಶ್ವರಯ್ಯನವರು ಮೈಸೂರು ಸಂಸ್ಥಾನದ ಮುಖ್ಯ ಎಂಜಿನಿಯರರಾಗಿದ್ದಾಗ 1911ರಲ್ಲಿ ಆರಂಭವಾದ ಕೃಷ್ಣರಾಜಸಾಗರವಾಗಲಿ ಸುರ್ಕಿ ಗಾರೆಯಿಂದ ಕಟ್ಟಿದ ಅಣೆಕಟ್ಟೆಗಳು. ಸುರ್ಕಿಯೆಂದರೆ ಸುಟ್ಟ ಇಟ್ಟಿಗೆಯ ಪುಡಿ. ಅದನ್ನು ಸುಣ್ಣದೊಡನೆ ಅರೆದಾಗ ಇಟ್ಟಿಗೆಯಲ್ಲಿರುವ ಸಿಲಿಕಾಂಶವು ನೀರಿನ ಸನ್ನಿಧಿಯಲ್ಲಿ ಸುಣ್ಣದೊಡನೆ ಬೆರೆತು ಕಲ್ಲಿನಂತೆ ಗಟ್ಟಿಯಾಗುತ್ತದೆ. ಇಟ್ಟಿಗೆಯು ಹದವಾಗಿ ಬೇಯದಿದ್ದರೆ, ಪುಡಿಯು ನುಣುಪಾಗದಿದ್ದರೆ, ಅರೆಯುವಿಕೆಯು ಸಾಲದಾದರೆ ಆ ಸಂಯೋಗವು ಸರಿಯಾಗಿ ಘಟಿಸದು. ಒಂದು ಶತಮಾನ ಕಳೆದರೂ ಆ ಕಟ್ಟೆಗಳು ನೀರನ್ನು ತಡೆದು ನಿಂತಿರುವುದರ ಹಿಂದೆ ಇಂತಹ ದಿನನಿತ್ಯದ ಎಚ್ಚರವು ಅಡಗಿದೆ.

2. ಮರೆಯಾಗುವ ಕೆಲಸ

ಬಟ್ಟೆಯನ್ನು ಕೊಳ್ಳುವವನು ಎಳೆಯನ್ನು ಹಿಡಿದು ನೋಡಬಹುದು. ಮಡಕೆಯನ್ನು ಕೊಳ್ಳುವವನು ಬೆರಳಿನಿಂದ ತಟ್ಟಿ ನೋಡಬಹುದು. ಕಟ್ಟಡಕ್ಕೆ ಈ ಅನುಕೂಲವಿಲ್ಲ. ತಳಪಾಯವು ಮಣ್ಣಿನಲ್ಲಿ ಹೂತುಹೋಗುತ್ತದೆ; ಕಬ್ಬಿಣದ ಸರಳುಗಳನ್ನು ಕಾಂಕ್ರೀಟು ನುಂಗುತ್ತದೆ; ಕಾಂಕ್ರೀಟನ್ನು ಗಿಲಾವು ಮುಚ್ಚುತ್ತದೆ; ಗಿಲಾವನ್ನು ಬಣ್ಣವು ಮುಚ್ಚುತ್ತದೆ. ಪ್ರತಿಯೊಂದು ಹಂತವೂ ಹಿಂದಿನ ಹಂತದ ಸಾಕ್ಷ್ಯವನ್ನು ಮರೆಮಾಡುತ್ತ ಹೋಗುತ್ತದೆ. ಗೃಹಪ್ರವೇಶದ ದಿನ ನೆಂಟರಿಷ್ಟರು ಹೊಗಳುವುದು ಬಣ್ಣವನ್ನು. ಆ ಮನೆಯ ಆಯುಸ್ಸು ನಿರ್ಧಾರವಾಗಿರುವುದಾದರೋ ಅವರಾರೂ ಕಾಣದ ಭಾಗಗಳಲ್ಲಿ.

ಮರೆಯಾದ ದೋಷವು ವಿಪತ್ತಿನ ಕಾಲದಲ್ಲಿ ಹೊರಬೀಳುತ್ತದೆ. 2001ರ ಜನವರಿ 26ರಂದು ಗುಜರಾತಿನ ಕಚ್ಛ್ ಪ್ರದೇಶದಲ್ಲಿ ಭೂಕಂಪವಾದಾಗ, ಕಂಪನದ ಕೇಂದ್ರದಿಂದ 200 ಕಿಲೋಮೀಟರಿಗೂ ದೂರದಲ್ಲಿದ್ದ ಅಹಮದಾಬಾದ್ ನಗರದಲ್ಲಿಯೂ ಹಲವು ಬಹುಮಹಡಿ ಕಟ್ಟಡಗಳು ಕುಸಿದುವು. ಅದೇ ನಗರದಲ್ಲಿ ಅದೇ ನಡುಕವನ್ನು ತಾಳಿಕೊಂಡು ನಿಂತ ಕಟ್ಟಡಗಳು ಅಸಂಖ್ಯ. ಗೋಡೆಗಳಿಲ್ಲದೆ ವಾಹನಗಳಿಗಾಗಿ ತೆರವಾಗಿ ಬಿಟ್ಟ ನೆಲಮಹಡಿ, ಸರಳುಗಳ ಜೋಡಣೆಯಲ್ಲಿ ಕೊರತೆ, ಕಾಮಗಾರಿಯ ಕಳಪೆತನ ಇವು ಕುಸಿತಕ್ಕೆ ಮುಖ್ಯ ಕಾರಣಗಳೆಂದು ತಜ್ಞರು ಗುರುತಿಸಿದರು. ಹೊರಗಿನಿಂದ ನೋಡುವವನಿಗೆ ಬಿದ್ದುದಕ್ಕೂ ನಿಂತುದಕ್ಕೂ ಹಿಂದಿನ ದಿನದವರೆಗೆ ವ್ಯತ್ಯಾಸವೇ ಕಾಣುತ್ತಿರಲಿಲ್ಲ.

ಕಟ್ಟಡ ಕುಸಿಯಲು ಭೂಮಿಯೇ ನಡುಗಬೇಕೆಂಬ ನಿಯಮವೂ ಇಲ್ಲ. 2019ರ ಮಾರ್ಚ್ 19ರಂದು ಧಾರವಾಡದ ಕುಮಾರೇಶ್ವರ ನಗರದಲ್ಲಿ ನಿರ್ಮಾಣದ ಹಂತದಲ್ಲಿದ್ದ ಬಹುಮಹಡಿ ಕಟ್ಟಡವೊಂದು ಹಾಡುಹಗಲಿನಲ್ಲಿ ಕುಸಿದು 19 ಜನರು ಪ್ರಾಣವನ್ನು ಕಳೆದುಕೊಂಡರು. ಭಗ್ನಾವಶೇಷದ ಅಡಿಯಲ್ಲಿ ಸಿಲುಕಿದವರನ್ನು ಹೊರತೆಗೆಯುವ ಕಾರ್ಯವು ದಿನಗಟ್ಟಲೆ ನಡೆದುದನ್ನು ಆ ಸೀಮೆಯ ಜನರು ಇನ್ನೂ ಮರೆತಿಲ್ಲ. ಕಟ್ಟಡದ ಗುಣವು ಪ್ರಾಣದ ಪ್ರಶ್ನೆಯೆಂಬುದಕ್ಕೆ ಬೇರೆ ಸಾಕ್ಷಿಯು ಬೇಡ.

3. ಸಾಮಗ್ರಿಗಳ ಪರೀಕ್ಷೆ

ನಮ್ಮ ದೇಶದಲ್ಲಿ 1947ರಲ್ಲಿ ಸ್ಥಾಪಿತವಾದ ಭಾರತೀಯ ಮಾನಕ ಸಂಸ್ಥೆಯು 1987ರಿಂದ ಭಾರತೀಯ ಮಾನಕ ಬ್ಯೂರೋ ಎಂಬ ಹೆಸರಿನಿಂದ ಕೆಲಸ ಮಾಡುತ್ತಿದೆ. ಕಾಂಕ್ರೀಟಿನ ಕೆಲಸಕ್ಕೆ ಸಂಬಂಧಿಸಿದ ಮುಖ್ಯ ಸಂಹಿತೆಯು ಐ.ಎಸ್. 456, ಅದು 2000ದಲ್ಲಿ ಪರಿಷ್ಕೃತವಾಯಿತು. ಇದಲ್ಲದೆ ಸಿಮೆಂಟು, ಮರಳು, ಜಲ್ಲಿ, ಉಕ್ಕು, ಇಟ್ಟಿಗೆ ಪ್ರತಿಯೊಂದಕ್ಕೂ ಪ್ರತ್ಯೇಕ ಮಾನಕಗಳುಂಟು. ಪ್ರಯೋಗಾಲಯವಿಲ್ಲದ ಹಳ್ಳಿಯಲ್ಲಿಯೂ ಮಾಡಬಹುದಾದ ಸರಳ ಪರೀಕ್ಷೆಗಳನ್ನು ಇಲ್ಲಿ ಗಮನಿಸಬಹುದು.

ಇಟ್ಟಿಗೆ: ಎರಡು ಇಟ್ಟಿಗೆಗಳನ್ನು ಒಂದಕ್ಕೊಂದು ತಾಕಿಸಿದಾಗ ಗಂಟೆಯಂತೆ ಸ್ಪಷ್ಟವಾದ ನಾದವು ಹೊರಡಬೇಕು, ಮಂದಧ್ವನಿಯು ಅರೆಬೆಂದುದರ ಲಕ್ಷಣ. ಉಗುರಿನಿಂದ ಗೀರಿದರೆ ಗುರುತು ಬೀಳಬಾರದು. ಒಣ ಇಟ್ಟಿಗೆಯನ್ನು ತೂಗಿ, 24 ಗಂಟೆ ನೀರಿನಲ್ಲಿ ಮುಳುಗಿಸಿ ಮತ್ತೆ ತೂಗಿದರೆ ಸಾಮಾನ್ಯ ದರ್ಜೆಯ ಇಟ್ಟಿಗೆಯ ತೂಕವು ಶೇಕಡಾ 20ಕ್ಕಿಂತ ಹೆಚ್ಚಾಗಬಾರದು.

ಮರಳು: ಗಾಜಿನ ಪಾತ್ರೆಯಲ್ಲಿ ಮರಳನ್ನೂ ನೀರನ್ನೂ ಹಾಕಿ ಚೆನ್ನಾಗಿ ಕುಲುಕಿ ಇಟ್ಟರೆ, ಮರಳು ಬೇಗನೆ ತಳಕ್ಕಿಳಿದು ಅದರ ಮೇಲೆ ಜೇಡಿಯ ಪದರವು ನಿಧಾನವಾಗಿ ನೆಲೆಸುತ್ತದೆ. ಆ ಪದರವು ದಪ್ಪವಾಗಿದ್ದರೆ ಮರಳನ್ನು ತೊಳೆಯದೆ ಬಳಸಬಾರದು. ಜೇಡಿಯು ಮರಳಿನ ಕಣಕ್ಕೂ ಸಿಮೆಂಟಿಗೂ ನಡುವೆ ಪರದೆಯಂತೆ ನಿಂತು ಅವೆರಡೂ ಹಿಡಿದುಕೊಳ್ಳದಂತೆ ಮಾಡುತ್ತದೆ. ವಿಟ್ರೂವಿಯಸನ ಬಿಳಿಯ ಬಟ್ಟೆಯು ಪತ್ತೆಹಚ್ಚುತ್ತಿದ್ದುದೂ ಇದನ್ನೇ. ಒದ್ದೆ ಮರಳು ಉಬ್ಬುತ್ತದೆಂಬುದನ್ನೂ ನೆನಪಿಡಬೇಕು. ಮಳೆಯ ಮರುದಿನ ಬುಟ್ಟಿಯ ಲೆಕ್ಕದಲ್ಲಿ ಅಳೆದರೆ ನಿಜವಾದ ಮರಳು ಕಡಮೆಯಾಗಿರುತ್ತದೆ. ಕಲ್ಲನ್ನು ಅರೆದು ಮಾಡಿದ ತಯಾರಿಕಾ ಮರಳು ಈಗ ರೂಢಿಗೆ ಬಂದಿದೆ. ಅದರಲ್ಲಿಯೂ ಕಲ್ಲುಪುಡಿಯ ಪ್ರಮಾಣವು ಮಿತಿಯಲ್ಲಿರಬೇಕು.

ಸಿಮೆಂಟು: ಚೀಲದೊಳಗೆ ಕೈಯಿಟ್ಟರೆ ತಂಪಾಗಿರಬೇಕು, ಗಂಟುಗಳಿರಬಾರದು. ನೆಲಕ್ಕೂ ಗೋಡೆಗೂ ತಾಗದಂತೆ ಹಲಗೆಗಳ ಮೇಲೆ ಅದನ್ನು ಪೇರಿಸಿಡಬೇಕು. ಗಾಳಿಯ ತೇವವನ್ನು ಹೀರಿದ ಸಿಮೆಂಟು ಚೀಲದಲ್ಲಿಯೇ ಶಕ್ತಿಯನ್ನು ಕಳೆದುಕೊಳ್ಳುತ್ತದೆ. ತಯಾರಾಗಿ ಮೂರು ತಿಂಗಳು ಮೀರಿದುದನ್ನು ಪರೀಕ್ಷಿಸದೆ ಬಳಸಬಾರದು.

ಉಕ್ಕಿನ ಸರಳು: ಮಿಲಿಮೀಟರಿನಲ್ಲಿ ಹೇಳಿದ ವ್ಯಾಸವನ್ನು ವರ್ಗ ಮಾಡಿ 162ರಿಂದ ಭಾಗಿಸಿದರೆ ಒಂದು ಮೀಟರು ಸರಳಿನ ತೂಕವು ಕಿಲೋಗ್ರಾಮಿನಲ್ಲಿ ದೊರೆಯುತ್ತದೆ. 12 ಮಿಲಿಮೀಟರಿನ ಸರಳು ಮೀಟರಿಗೆ ಸುಮಾರು 0.89 ಕಿಲೋಗ್ರಾಂ ತೂಗಬೇಕು. ಒಂದು ತಕ್ಕಡಿಯೂ ಒಂದು ಅಳತೆಪಟ್ಟಿಯೂ ಇದ್ದರೆ ಪ್ರೌಢಶಾಲೆಯ ವಿದ್ಯಾರ್ಥಿಯೂ ಈ ಪರೀಕ್ಷೆಯನ್ನು ಮಾಡಬಲ್ಲನು.

4. ನೀರಿನ ಅಳತೆ

ಒಳ್ಳೆಯ ಸಾಮಗ್ರಿಗಳನ್ನು ತಂದರೆ ಒಳ್ಳೆಯ ಕಾಂಕ್ರೀಟು ತಾನಾಗಿ ಆಗದು. ಉತ್ತಮವಾದ ಅಕ್ಕಿಯನ್ನು ತಂದವನೂ ನೀರಿನ ಅಳತೆ ತಪ್ಪಿದರೆ ಅನ್ನವನ್ನು ಕೆಡಿಸಬಹುದು. ಸಿಮೆಂಟಿನ ತೂಕಕ್ಕೂ ನೀರಿನ ತೂಕಕ್ಕೂ ಇರುವ ಪ್ರಮಾಣವೇ ಕಾಂಕ್ರೀಟಿನ ಶಕ್ತಿಯನ್ನು ಮುಖ್ಯವಾಗಿ ನಿರ್ಧರಿಸುತ್ತದೆಂಬುದನ್ನು ಅಮೆರಿಕದ ಡಫ್ ಏಬ್ರಮ್ಸ್ 1918ರಲ್ಲಿ ಪ್ರತಿಪಾದಿಸಿದನು. ಈ ಪ್ರಮಾಣವು 0.50 ಎಂದಾದರೆ 50 ಕಿಲೋಗ್ರಾಮಿನ ಒಂದು ಚೀಲಕ್ಕೆ 25 ಲೀಟರು ನೀರು. ಐದೇ ಲೀಟರು ಹೆಚ್ಚಾಗಿ ಸುರಿದರೆ ಪ್ರಮಾಣವು 0.60ಕ್ಕೆ ಏರುತ್ತದೆ. ಸಿಮೆಂಟಿನೊಡನೆ ಕೂಡಿಕೊಳ್ಳದೆ ಮಿಕ್ಕ ನೀರು ಮುಂದೆ ಆವಿಯಾಗಿ ಹೋದಾಗ ಅದು ಇದ್ದ ಸ್ಥಳವು ಸೂಕ್ಷ್ಮ ರಂಧ್ರವಾಗಿ ಉಳಿಯುತ್ತದೆ. ಆ ರಂಧ್ರಗಳಿಂದ ಶಕ್ತಿಯು ಕುಗ್ಗುವುದಲ್ಲದೆ, ಮಳೆಯ ನೀರು ಒಳಗೆ ಇಳಿದು ಸರಳುಗಳಿಗೆ ತುಕ್ಕು ಹಿಡಿಸುತ್ತದೆ. ತುಕ್ಕು ಹಿಡಿದ ಕಬ್ಬಿಣವು ಹಿಗ್ಗಿ ಕಾಂಕ್ರೀಟನ್ನು ಸೀಳುತ್ತದೆ.

ತಾರಸಿಗೆ ಕಾಂಕ್ರೀಟು ಹಾಕುವ ದಿನದ ನೋಟವನ್ನು ಕಲ್ಪಿಸಿಕೊಳ್ಳಬಹುದು. ಮಧ್ಯಾಹ್ನದ ಬಿಸಿಲು, ಬೆಳಗಿನಿಂದ ಬಾಣಲಿ ಹೊತ್ತ ಆಳುಗಳ ಕುತ್ತಿಗೆ ಸೋತಿದೆ, ಹರಡುವವನ ಕೈಗೆ ಕಾಂಕ್ರೀಟು ಬಗ್ಗುತ್ತಿಲ್ಲ. ಆಗ ಗೌಂಡಿಯು, “ಸಾಹೇಬರ, ಮಾಲು ಬಿರುಸಾತು, ಒಂದು ಕೊಡ ನೀರು ಬಿಡ್ರಿ, ಕೆಲಸ ಹಗುರ ಆಗತೈತಿ” ಎನ್ನುತ್ತಾನೆ. ಅವನು ಮೂವತ್ತು ವರ್ಷ ಕರಣೆ ಹಿಡಿದವನು. ಮೇಲ್ವಿಚಾರಣೆಗೆ ನಿಂತಿರುವವನು ನಿನ್ನೆ ಮೊನ್ನೆ ಕಾಲೇಜಿನಿಂದ ಬಂದ ತರುಣ. ಕಟ್ಟಡದ ಆಯುಸ್ಸು ಆ ಒಂದು ಕ್ಷಣದ ಉತ್ತರದಲ್ಲಿದೆ.

ಬರಿಯ ‘ಕೂಡದು’ ಎಂಬ ಉತ್ತರವೂ ಪೂರ್ಣವಾದುದಲ್ಲ. ಗೌಂಡಿಯ ಕಷ್ಟವು ಸುಳ್ಳಲ್ಲ. ಬಿರುಸಾದ ಕಾಂಕ್ರೀಟನ್ನು ಕೋಲಿನಿಂದ ಕುಟ್ಟಿ ಸರಳುಗಳ ಸಂದಿಗೆ ಇಳಿಸುವುದು ಮನುಷ್ಯನ ಶಕ್ತಿಗೆ ಮೀರಿದುದು; ಇಳಿಯದೆ ಹೋದರೆ ಒಳಗೆ ಜೇನುಗೂಡಿನಂತಹ ಪೊಳ್ಳುಗಳು ಉಳಿಯುತ್ತವೆ. ಕಾಂಕ್ರೀಟಿನಲ್ಲಿ ಶೇಕಡಾ 5ರಷ್ಟು ಗಾಳಿಯ ಪೊಳ್ಳು ಉಳಿದರೂ ಶಕ್ತಿಯು ಸುಮಾರು ಶೇಕಡಾ 30ರಷ್ಟು ಕುಗ್ಗುವುದುಂಟು. ಆದುದರಿಂದ ಕಂಪನ ಯಂತ್ರವನ್ನು ಒದಗಿಸಬೇಕು. ಬೇಕಾದರೆ ನೀರು ಹೆಚ್ಚಿಸದೆ ಕಾಂಕ್ರೀಟನ್ನು ಸಡಿಲಗೊಳಿಸುವ ರಾಸಾಯನಿಕವನ್ನು ನಿಗದಿಯಾದ ಮಾತ್ರೆಯಲ್ಲಿ ಬೆರೆಸಬೇಕು. ಇಲ್ಲವೆ ನೀರಿನೊಡನೆ ಅದೇ ಪ್ರಮಾಣದಲ್ಲಿ ಸಿಮೆಂಟನ್ನೂ ಹೆಚ್ಚಿಸಬೇಕು. ಸಾಧನವನ್ನು ಕೊಡದೆ ನಿಯಮವನ್ನು ಮಾತ್ರ ಹೇರುವ ಮೇಲ್ವಿಚಾರಕನು, ತಾನು ಬೆನ್ನು ತಿರುಗಿಸಿದೊಡನೆ ಆ ಕೊಡದ ನೀರು ಬೀಳುವಂತೆ ತಾನೇ ಮಾಡಿದಂತಾಗುತ್ತದೆ.

5. ಕುಸಿತದ ಪರೀಕ್ಷೆ, ಘನದ ಪರೀಕ್ಷೆ

ಹಸಿ ಕಾಂಕ್ರೀಟಿನ ಹದವನ್ನು ಅರಿಯಲು ಸ್ಲಂಪ್ ಪರೀಕ್ಷೆಯುಂಟು. 300 ಮಿಲಿಮೀಟರು ಎತ್ತರ, ತಳದಲ್ಲಿ 200, ಮೇಲೆ 100 ಮಿಲಿಮೀಟರು ವ್ಯಾಸವುಳ್ಳ ಲೋಹದ ಅಚ್ಚಿಗೆ ಕಾಂಕ್ರೀಟನ್ನು ಪದರ ಪದರವಾಗಿ ತುಂಬಿ, ಪ್ರತಿ ಪದರವನ್ನೂ ಸಲಾಕೆಯಿಂದ 25 ಬಾರಿ ಕುಟ್ಟಿ, ಅಚ್ಚನ್ನು ನೆಟ್ಟಗೆ ಮೇಲೆತ್ತಬೇಕು. ಆಧಾರ ತಪ್ಪಿದ ಕಾಂಕ್ರೀಟು ಎಷ್ಟು ಕುಸಿಯಿತೆಂಬುದೇ ಅದರ ಸ್ಲಂಪ್. ಸರಳುಗಳು ವಿರಳವಾಗಿರುವ ತೊಲೆ, ಚಾವಣಿಗಳಿಗೆ 25ರಿಂದ 75 ಮಿಲಿಮೀಟರು ಸಾಮಾನ್ಯವಾಗಿ ತಕ್ಕುದಾದುದು. ಕೆಲವೇ ನಿಮಿಷಗಳಲ್ಲಿ ಮುಗಿಯುವ ಈ ಪರೀಕ್ಷೆಯು ಕದ್ದು ಸುರಿದ ಕೊಡದ ನೀರನ್ನು ಅಲ್ಲಿಯೇ ಬಯಲಿಗೆಳೆಯುತ್ತದೆ.

ಗಟ್ಟಿಯಾದ ಮೇಲಣ ಶಕ್ತಿಯನ್ನು ಅರಿಯಲು 150 ಮಿಲಿಮೀಟರಿನ ಘನಗಳನ್ನು ಎರಕ ಹೊಯ್ದು, ನೀರಿನಲ್ಲಿಟ್ಟು, 28ನೆಯ ದಿನ ಯಂತ್ರದಲ್ಲಿ ಒತ್ತಿ ಒಡೆಯುತ್ತಾರೆ. ಎಂ 20 ಎಂಬ ದರ್ಜೆಯ ಕಾಂಕ್ರೀಟಿಗೆ ಪ್ರತಿ ಚದರ ಮಿಲಿಮೀಟರಿಗೆ 20 ನ್ಯೂಟನ್ ಶಕ್ತಿಯಿರಬೇಕು. ಎಂದರೆ ಆ ಪುಟ್ಟ ಘನವು ಸುಮಾರು 46 ಟನ್ ಭಾರವನ್ನು ತಾಳಬೇಕು. ಒಂದು ಮಾದರಿಗೆ ಮೂರು ಘನಗಳು. ಐ.ಎಸ್. 456ರ ಪ್ರಕಾರ 5 ಘನಮೀಟರಿನವರೆಗೆ ಒಂದು ಮಾದರಿ, 6ರಿಂದ 15ರವರೆಗೆ ಎರಡು, 16ರಿಂದ 30ರವರೆಗೆ ಮೂರು, 31ರಿಂದ 50ರವರೆಗೆ ನಾಲ್ಕು, ಆ ಮೇಲೆ ಪ್ರತಿ 50 ಘನಮೀಟರಿಗೆ ಒಂದೊಂದು ಹೆಚ್ಚಿನ ಮಾದರಿ.

ಇಲ್ಲಿ ಒಂದು ಸೂಕ್ಷ್ಮವಿದೆ. ಘನದ ಫಲಿತಾಂಶವು 28 ದಿನಗಳ ನಂತರ ಬರುವಾಗ ಅದರ ಮೇಲಣ ಮಹಡಿಯ ಕೆಲಸವು ಆರಂಭವಾಗಿರುವುದುಂಟು. ಪರೀಕ್ಷೆಗೆಂದೇ ವಿಶೇಷ ಎಚ್ಚರದಿಂದ ಘನಗಳನ್ನು ಮಾಡಿ, ಕಟ್ಟಡಕ್ಕೆ ಬೇರೆಯೇ ಕಾಂಕ್ರೀಟನ್ನು ಸುರಿದರೆ ಪ್ರಮಾಣಪತ್ರವು ಉತ್ತಮವಾಗಿರುತ್ತದೆ, ಕಟ್ಟಡವು ಅಧಮವಾಗಿರುತ್ತದೆ. ಪರೀಕ್ಷೆಯು ಗುಣವನ್ನು ಅಳೆಯಬಲ್ಲುದೇ ಹೊರತು ಹುಟ್ಟಿಸಲಾರದು. ಗುಣವು ಹುಟ್ಟುವುದು ಬೆರೆಸುವ, ಸುರಿಯುವ, ಕುಟ್ಟುವ ಕೈಗಳಲ್ಲಿ, ಆ ಹೊತ್ತಿನಲ್ಲಿ. ಅನಂತರ ಸಂಶಯ ಬಂದರೆ ಗಟ್ಟಿಯಾದ ಕಾಂಕ್ರೀಟಿನಿಂದ ಉರುಳೆಯನ್ನು ಕೊರೆದು ತೆಗೆದು ಪರೀಕ್ಷಿಸುವ ಉಪಾಯವುಂಟು. ಆದರೆ ಅದು ರೋಗಿಯ ಮೈಯನ್ನು ಕೊಯ್ದು ನೋಡಿದಂತೆ.

6. ಹೊದಿಕೆ, ನೀರುಣಿಸುವಿಕೆ, ಸೆಂಟ್ರಿಂಗು

ಸರಳಿನ ಹೊರಗೆ ಕಾಂಕ್ರೀಟಿನ ಹೊದಿಕೆಯು ತಕ್ಕಷ್ಟಿರಬೇಕು. ಸಾಮಾನ್ಯ ಪರಿಸರದಲ್ಲಿ ಚಾವಣಿಗೆ 20, ಕಂಬಕ್ಕೆ 40, ತಳಪಾಯಕ್ಕೆ 50 ಮಿಲಿಮೀಟರು. ಸರಳಿನ ಅಡಿಗೆ ಗಾರೆಯ ಬಿಲ್ಲೆಗಳನ್ನು ಇಡದೆ, ಸಿಕ್ಕಿದ ಜಲ್ಲಿಯ ತುಂಡನ್ನು ಇಡುವ ಅಭ್ಯಾಸವು ಹಲವೆಡೆ ಇದೆ. ಜಲ್ಲಿಯು ಜಾರಿದರೆ ಸರಳು ತಳವನ್ನೇ ಮುಟ್ಟುತ್ತದೆ.

ಸಿಮೆಂಟು ಗಟ್ಟಿಯಾಗುವುದು ಒಣಗುವುದರಿಂದಲ್ಲ, ನೀರಿನೊಡನೆ ಕೂಡುವುದರಿಂದ. ಆದುದರಿಂದ ಬೆರೆಸುವಾಗ ಜಿಪುಣತನದಿಂದ ಅಳೆದ ನೀರನ್ನು, ಗಟ್ಟಿಯಾದ ಮೇಲೆ ಉದಾರವಾಗಿ ಉಣಿಸಬೇಕು. ಸಾಧಾರಣ ಸಿಮೆಂಟಿಗೆ ಕನಿಷ್ಠ 7 ದಿನ. ಹಾರುಬೂದಿ ಮೊದಲಾದವು ಸೇರಿದ ಮಿಶ್ರ ಸಿಮೆಂಟಿಗೂ ಒಣಹವೆಯ ಬಿಸಿಲುಕಾಲಕ್ಕೂ ಕನಿಷ್ಠ 10 ದಿನ. ಇಂದು ಅಂಗಡಿಯಲ್ಲಿ ದೊರೆಯುವುದು ಬಹುಮಟ್ಟಿಗೆ ಮಿಶ್ರ ಸಿಮೆಂಟೇ ಆದುದರಿಂದ ಎರಡನೆಯ ನಿಯಮವನ್ನೇ ಹಿಡಿಯುವುದು ಕ್ಷೇಮ. ತಾರಸಿಯ ಮೇಲೆ ಮಣ್ಣಿನ ಬದುಗಳನ್ನು ಕಟ್ಟಿ ನೀರು ನಿಲ್ಲಿಸುವುದು, ಕಂಬಗಳಿಗೆ ಗೋಣಿತಾಟನ್ನು ಸುತ್ತಿ ನನೆಸುವುದು ಪರಿಚಿತ ವಿಧಾನಗಳು.

ಸೆಂಟ್ರಿಂಗನ್ನು ಬಿಚ್ಚುವಲ್ಲಿಯೂ ಆತುರವು ಸಲ್ಲದು. ಸಾಧಾರಣ ಸಿಮೆಂಟನ್ನು ಬಳಸಿದಾಗ, 4.5 ಮೀಟರಿನವರೆಗಿನ ಅಂಕಣವುಳ್ಳ ಚಾವಣಿಯ ಆಧಾರಗಳನ್ನು 7 ದಿನ, ಅದಕ್ಕಿಂತ ದೊಡ್ಡದಾದರೆ 14 ದಿನ. 6 ಮೀಟರಿನವರೆಗಿನ ತೊಲೆಗೆ 14 ದಿನ, ಮೀರಿದರೆ 21 ದಿನ ಉಳಿಸಬೇಕೆಂದು ಸಂಹಿತೆಯು ವಿಧಿಸುತ್ತದೆ. ಮಿಶ್ರ ಸಿಮೆಂಟಾದರೆ ಈ ಅವಧಿಯೂ ಬೆಳೆಯುತ್ತದೆ. ಬಾಡಿಗೆಯ ಹಲಗೆಗಳನ್ನು ಬೇಗ ಹಿಂದಿರುಗಿಸಿ ಉಳಿಸಿದ ಹಣವು ಯಾವ ನಷ್ಟಕ್ಕೂ ಸಮನಾಗದು.

7. ದಾಖಲೆ ಮತ್ತು ಮಿತವ್ಯಯ

ಮರೆಯಾಗುವ ಕೆಲಸಕ್ಕೆ ಬರೆಹವೇ ಸಾಕ್ಷಿ. ಕಾಂಕ್ರೀಟು ಹಾಕಿದ ದಿನ, ಭಾಗ, ಸಿಮೆಂಟಿನ ತಯಾರಿಕೆಯ ವಾರ, ನೀರಿನ ಅಳತೆ, ಸ್ಲಂಪ್, ಘನಗಳ ಗುರುತು ಇವುಗಳನ್ನು ಅಂದಂದೇ ಬರೆದು ಸಹಿ ಮಾಡಬೇಕು. ಸರಳುಗಳನ್ನು ಮುಚ್ಚುವ ಮುನ್ನ ನಕ್ಷೆಯೊಡನೆ ಹೋಲಿಸಿ ಎಣಿಸಿದವನ ಹೆಸರೂ ಅದರಲ್ಲಿರಬೇಕು. ವಾರದ ಕೊನೆಗೆ ಒಟ್ಟಿಗೆ ಕುಳಿತು ತುಂಬಿದ ಪುಸ್ತಕವು ದಾಖಲೆಯೆನಿಸದು.

ಗುಣನಿಯಂತ್ರಣವು ದುಬಾರಿಯೆಂಬ ಆಕ್ಷೇಪವುಂಟು. ಲೆಕ್ಕವು ಬೇರೆಯದನ್ನೇ ಹೇಳುತ್ತದೆ. ಯಾವ ಕೆಲಸದಲ್ಲಿಯೂ ಘನಗಳ ಶಕ್ತಿಯು ಒಂದೇ ಸಮನಾಗಿರದು. ಆದುದರಿಂದ ಎಂ 20 ದರ್ಜೆಗೆ, ಹೊಯ್ದಾಟದ ಮಾನಕ ವಿಚಲನೆಯು 4 ಎಂದಿಟ್ಟುಕೊಂಡರೆ, ಅದರ 1.65 ಪಾಲನ್ನು ಕೂಡಿಸಿ 26.6 ನ್ಯೂಟನ್ನಿನ ಸರಾಸರಿಯನ್ನು ಗುರಿಯಾಗಿಟ್ಟುಕೊಳ್ಳಬೇಕು. ಆಗ ನೂರರಲ್ಲಿ ಐದಕ್ಕಿಂತ ಹೆಚ್ಚು ಫಲಿತಾಂಶಗಳು 20ಕ್ಕಿಂತ ಕೆಳಗಿಳಿಯವು. ಕೆಲಸವು ಅಶಿಸ್ತಿನದಾದಷ್ಟೂ ಹೊಯ್ದಾಟವು ಹೆಚ್ಚು; ಅದನ್ನು ತುಂಬಲು ಬೇಕಾಗುವ ಸಿಮೆಂಟೂ ಹೆಚ್ಚು. ಅಳತೆಯಿಂದ ಕೆಲಸ ಮಾಡುವವನು ಕಡಮೆ ಸಿಮೆಂಟಿನಿಂದಲೇ ಅದೇ ಭದ್ರತೆಯನ್ನು ಸಾಧಿಸುತ್ತಾನೆ.

ಉಪಸಂಹಾರ

ಕಟ್ಟಡದ ಗುಣವನ್ನು ಕೊನೆಯಲ್ಲಿ ಹಚ್ಚಲು ಬಾರದು. ಬಣ್ಣವನ್ನು ಮತ್ತೊಮ್ಮೆ ಬಳಿಯಬಹುದು. ತಳಪಾಯವನ್ನು ಮತ್ತೊಮ್ಮೆ ಹಾಕಲಾಗದು. ಒಂದು ಹಂತವು ಮತ್ತೊಂದು ಹಂತದಿಂದ ಮುಚ್ಚಿಹೋಗುವ ಮುನ್ನ ಅದನ್ನು ಕಂಡು, ಅಳೆದು, ಬರೆದು, ತಪ್ಪಿದ್ದರೆ ಆಗಲೇ ತಿದ್ದಿಸಬೇಕು. ಇದರ ಹೊಣೆಯು ಎಂಜಿನಿಯರನೊಬ್ಬನದಲ್ಲ; ಗುತ್ತಿಗೆದಾರ, ಗೌಂಡಿ, ನೀರು ಹೊಯ್ಯುವ ಆಳು, ಕಟ್ಟಿಸುವ ಯಜಮಾನ ಎಲ್ಲರದು. ಶಾಲೆಯ ಚಾವಣಿಯ ಕೆಳಗೆ ಕುಳಿತ ಮಗು ತಲೆಯೆತ್ತಿ ಅದರ ಶಕ್ತಿಯನ್ನು ಪರೀಕ್ಷಿಸದು. ಕಟ್ಟಿದವರು ಪರೀಕ್ಷಿಸಿದ್ದಾರೆಂದು ನಂಬಿ ಪಾಠವನ್ನು ಓದುತ್ತದೆ. ಆ ನಂಬಿಕೆಗೆ ಎರವಾಗದಂತೆ ಕೆಲಸ ಮಾಡುವವನೇ ನಿಜವಾದ ಕೆಲಸಗಾರ. ಇತ್ಯಲಂ ವಿಸ್ತರೇಣ.

ವಿದ್ಯಾರ್ಥಿಗಳಿಗೆ ಅಭ್ಯಾಸ

1. 10 ಮಿಲಿಮೀಟರು ವ್ಯಾಸದ ಸರಳು ಮೀಟರಿಗೆ ಎಷ್ಟು ತೂಗಬೇಕು? ಲೆಕ್ಕ ಮಾಡಿ, ತಕ್ಕಡಿಯಲ್ಲಿ ತೂಗಿ ಹೋಲಿಸಿರಿ.
2. ನಿಮ್ಮ ಊರಿನ ಮರಳನ್ನು ಗಾಜಿನ ಪಾತ್ರೆಯಲ್ಲಿ ಪರೀಕ್ಷಿಸಿ, ಜೇಡಿಯ ಪದರದ ದಪ್ಪವನ್ನು ಅಳೆದು ಬರೆಯಿರಿ.
3. ಕಾಂಕ್ರೀಟಿಗೆ ಬೆರೆಸುವಾಗ ನೀರು ಕಡಮೆಯೂ, ಗಟ್ಟಿಯಾದ ಮೇಲೆ ನೀರು ಹೆಚ್ಚೂ ಬೇಕಾಗುವುದೇಕೆ?
4. ‘ಪರೀಕ್ಷೆಯು ಗುಣವನ್ನು ಅಳೆಯಬಲ್ಲುದೇ ಹೊರತು ಹುಟ್ಟಿಸಲಾರದು’ ಎಂಬ ಮಾತನ್ನು ಉದಾಹರಣೆಯೊಡನೆ ವಿವರಿಸಿರಿ.